ಮಳೆಗಾಲದ ಬೂಸ್ಟು, ಅಜ್ಜನ ಚೀಲ ಮತ್ತು ತೆಂಗಿನೆಣ್ಣೆ ಬಾಟಲಿ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮನೆ ಸುತ್ತ ಅಡಿಕೆ ತೋಟ. ಮಳೆಗಾಲದಲ್ಲಿ ಗೋಡೆಗಳೇ ಬೆವರುತ್ತವೆ. ಮನೆಯಲ್ಲಿ ಮೂರು ಚರ್ಮದ ಸಾಮಾನುಗಳಿವೆ. ಮೊದಲನೆಯದು ಶಾನುಭೋಗರಾಗಿದ್ದ ನಮ್ಮ ಅಜ್ಜನ ಹೆಗಲ ಚೀಲ. ಅಡುಗೆಮನೆಯ ಅಟ್ಟದ ಮೇಲೆ ದಶಕಗಟ್ಟಲೆ ಹಾಗೇ ಬಿದ್ದಿತ್ತು, ಏನೂ ಆಗಿರಲಿಲ್ಲ. ಈಗ ಕೆಲವು ವರ್ಷಗಳಿಂದ ಬೂಸ್ಟು ಹಿಡಿಯುತ್ತಿದೆ. ಮುಟ್ಟಿದರೆ ಇಟ್ಟಿಗೆ ಪುಡಿಯಂಥ ಕೆಂಪು ಪುಡಿ ಕೈಗೆ ಅಂಟುತ್ತದೆ. ಒಳಗೆ ಹಳೆಯ ಕಾಗದಪತ್ರಗಳಿವೆ. ಎರಡನೆಯದು ನಮ್ಮ ಯಜಮಾನರ ಜಾಕೆಟ್. ಲಾಂಡ್ರಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನ ಸಮೇತ ಬೀರುವಿನಲ್ಲಿ ನೇತುಹಾಕಿದ್ದೆ, ಈಗ ನೋಡಿದರೆ ಬಿಳಿ ಬಿಳಿ ಕಲೆ. ಮೂರನೆಯದು ಮೂರು ವರ್ಷದ ಹಿಂದೆ ಒಳ್ಳೆಯ ಬೆಲೆ ಕೊಟ್ಟು ಕೊಂಡ ನನ್ನ ಹ್ಯಾಂಡ್‌ಬ್ಯಾಗ್. ಅದರ ಸಿಪ್ಪೆ ಏಳುತ್ತಿದೆ. ತೆಂಗಿನೆಣ್ಣೆ ಹಚ್ಚಿ ಬಿಸಿಲಿಗೆ ಇಡು ಎನ್ನುತ್ತಾರೆ ಅತ್ತೆ. ಪಕ್ಕದ ಮನೆಯವರು ವಿನೆಗರ್ ಎನ್ನುತ್ತಾರೆ. ಅಜ್ಜನ ಚೀಲ ರಿಪೇರಿ ಮಾಡಿಸಿ, ಬೆಂಗಳೂರಿನಲ್ಲಿರುವ ಮಗನಿಗೆ ಆಫೀಸಿಗೆ ಒಯ್ಯಲು ಕೊಡುವ ಆಸೆ. ಏನು ಮಾಡಲಿ?

ಉತ್ತರ: ಚರ್ಮ ಒಣಗಿದೆ, ಎಣ್ಣೆ ಬೇಕು ಎಂಬುದು ನಿಮ್ಮ ಮನೆಯವರ ಊಹೆ. ನಿಮ್ಮ ಪತ್ರ ಓದಿದರೆ ನನಗೆ ಕಾಣುವುದು ಮೂರು ಬೇರೆ ಬೇರೆ ತೊಂದರೆಗಳು, ಮೂರು ಬೇರೆ ಬೇರೆ ವಸ್ತುಗಳಿಗೆ. ಒಂದಕ್ಕೂ ಎಣ್ಣೆ ಬೇಡ. ಒಂದಕ್ಕಂತೂ ಎಣ್ಣೆ ಹಚ್ಚಿದರೆ ಆಮೇಲೆ ಯಾರಿಂದಲೂ ಸರಿಪಡಿಸಲು ಆಗುವುದಿಲ್ಲ. ಹಾಗಾಗಿ ಅತ್ತೆಯವರ ಮನಸ್ಸು ನೋಯದಂತೆ ಆ ಬಾಟಲಿಯನ್ನು ಸದ್ಯ ಅಡುಗೆಮನೆಗೆ ವಾಪಸು ಕಳಿಸಿ.

ಜಾಕೆಟ್‌ನಿಂದ ಶುರುಮಾಡೋಣ, ಅದು ಸುಲಭ.

ಚರ್ಮದ ಮೇಲೆ ಬಿಳಿಯಾಗಿ ಕಂಡದ್ದೆಲ್ಲ ಬೂಸ್ಟಲ್ಲ. ಹದ ಮಾಡುವಾಗ ಚರ್ಮದೊಳಗೆ ಸೇರಿಸಿದ ಕೊಬ್ಬಿನಂಶ ಕೆಲವೊಮ್ಮೆ ಚಳಿಗೆ ಮೇಲ್ಮೈಗೆ ಬಂದು ತೆಳುವಾದ ಬಿಳಿ ಪೊರೆ ಕಟ್ಟುತ್ತದೆ. ಇದು ನಿರುಪದ್ರವಿ. ಬೆರಳನ್ನು ಅದರ ಮೇಲೆ ಸ್ವಲ್ಪ ಹೊತ್ತು ಉಜ್ಜಿ: ಕೊಬ್ಬಾದರೆ ಮೈಶಾಖಕ್ಕೆ ಕರಗಿ ಮಾಯವಾಗುತ್ತದೆ. ಉಪ್ಪಿನ ಪುಡಿ ಮೇಲೆ ಬಂದಿದ್ದರೆ ಶಾಖಕ್ಕೆ ಜಗ್ಗುವುದಿಲ್ಲ, ಒದ್ದೆ ಬಟ್ಟೆಗೆ ಹೋಗುತ್ತದೆ. ಬೆವರು ಹೀರಿದ ಕಾಲರು, ಮಳೆಯಲ್ಲಿ ನೆನೆದ ಶೂಗಳಲ್ಲಿ ಇದು ಮಾಮೂಲು. ಬೂಸ್ಟು ಹಾಗಲ್ಲ. ಭೂತಗನ್ನಡಿ ಹಿಡಿದರೆ ನವಿರಾದ ಎಳೆಗಳು ಕಾಣುತ್ತವೆ, ದುಂಡು ದುಂಡಾಗಿ ಹಬ್ಬಿರುತ್ತದೆ, ಮುಗ್ಗಲು ವಾಸನೆ ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಕವರು, ಮುಚ್ಚಿದ ಬೀರು, ಸಾಗರದ ಜುಲೈ ಎಂದ ಮೇಲೆ ನಿಮ್ಮದು ಬೂಸ್ಟೇ ಇರಬೇಕು. ಆದರೂ ಬೆರಳಿನ ಪರೀಕ್ಷೆ ಮಾಡಿ, ಖರ್ಚೇನಿಲ್ಲ. ಬೂಸ್ಟು ಎಂಬ ಗುಮಾನಿ ಇರುವುದರಿಂದ ಆಮೇಲೆ ಕೈ ತೊಳೆದುಕೊಳ್ಳಿ.

ಬೂಸ್ಟಿನ ಬೀಜಕಣಗಳು ಎಲ್ಲರ ಮನೆಯ ಗಾಳಿಯಲ್ಲೂ ಇರುತ್ತವೆ. ಅವನ್ನು ಕೊಂದು ಮುಗಿಸುತ್ತೇನೆ ಎಂದು ಹೊರಡುವುದು ವ್ಯರ್ಥ. ಅವು ಮೊಳೆಯಲು ಬೇಕಾದದ್ದು ಗಾಳಿಯ ತೇವಾಂಶ ಶೇ 65–70 ದಾಟುವುದು, ಆ ಗಾಳಿ ಅಲುಗದೆ ನಿಲ್ಲುವುದು, ತಿನ್ನಲು ಒಂದಿಷ್ಟು ಜಿಡ್ಡು, ಬೆವರು, ಧೂಳು. ಮಲೆನಾಡಿನ ಮಳೆಗಾಲದಲ್ಲಿ ತೇವಾಂಶ ವಾರಗಟ್ಟಲೆ ಶೇ 90ರ ಆಸುಪಾಸಿನಲ್ಲಿರುತ್ತದೆ. ಪ್ಲಾಸ್ಟಿಕ್ ಕವರು ಗಾಳಿಯಾಡದಂತೆ ನೋಡಿಕೊಳ್ಳುತ್ತದೆ. ಮೇಲೆ ಎಣ್ಣೆ ಹಚ್ಚಿದರೆ ಊಟವೂ ಬಡಿಸಿದಂತಾಯಿತು.

ತೆಂಗಿನೆಣ್ಣೆಯ ಬಗ್ಗೆ ಇನ್ನೊಂದು ಮಾತು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಿಮ್ಮೂರಿನ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಆಗುವುದೇ ಚರ್ಮದ ಮೇಲೂ ಆಗಿ, ಬಿಳಿ ಕಲೆ ಮತ್ತೆ ಪ್ರತ್ಯಕ್ಷ. ಚರ್ಮಕ್ಕೆ ಎಣ್ಣೆ ಬೇಕೆಂಬುದು ಪೂರ್ತಿ ಸುಳ್ಳಲ್ಲ. ಹದ ಮಾಡುವ ಕಾರ್ಖಾನೆಯಲ್ಲಿ ನೀರಿನಲ್ಲಿ ಬೆರೆಯುವಂತೆ ಮಾಡಿದ ಎಣ್ಣೆಯನ್ನು ತಿರುಗುವ ಪೀಪಾಯಿಯೊಳಗೆ ಚರ್ಮದ ಎಳೆ ಎಳೆಗೂ ತಲುಪಿಸುತ್ತಾರೆ. ಹೀಗೆ ಮಾರ್ಪಡಿಸಿದ ಹರಳೆಣ್ಣೆ ಆ ಕೆಲಸಕ್ಕೆ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಬಯಲುಸೀಮೆಯಲ್ಲಿ ತೊಗಟೆ ಹದದ (ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ) ಚಪ್ಪಲಿಗೆ ಹರಳೆಣ್ಣೆ ಸವರುತ್ತಿದ್ದುದರಲ್ಲೂ ಅರ್ಥವಿತ್ತು: ಒಣ ಹವೆ, ಬಣ್ಣದ ಲೇಪನವಿಲ್ಲದ ದಪ್ಪ ಚರ್ಮ, ದಿನವೂ ನಡೆದು ಬಳುಕುವ ಅಟ್ಟೆ. ಆ ಪದ್ಧತಿಯನ್ನು ಮಲೆನಾಡಿನ ಬೀರುವಿನೊಳಗಿನ ಜಾಕೆಟ್‌ಗೆ ತಂದರೆ ಕೆಡುಕಷ್ಟೇ. ಈ ಕಾಲದ ಜಾಕೆಟ್‌ಗಳ ಮೇಲೆ ಹೆಚ್ಚಾಗಿ ಬಣ್ಣದ ತೆಳು ಲೇಪನ ಇರುತ್ತದೆ. ಒಳಮಡಿಕೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಹಾಗೇ ನಿಂತರೆ ಲೇಪನವಿದೆ, ಎಣ್ಣೆ ಒಳಗೆ ಇಳಿಯುವುದೇ ಇಲ್ಲ, ಮೇಲೆ ಅಂಟಂಟಾಗಿ ಕೂತು ಧೂಳು ಹಿಡಿಯುತ್ತದೆ. ಹನಿ ಇಂಗಿ ಆ ಜಾಗ ಕಪ್ಪಾದರೆ ಲೇಪನವಿಲ್ಲದ ಚರ್ಮ. ಅದಕ್ಕೆ ಎಣ್ಣೆ ಹಚ್ಚಿದರೆ ಹೋಗದ ಕಲೆ.

ಬಿಸಿಲಿನ ವಿಷಯ. ಹಪ್ಪಳ, ಅಡಿಕೆ, ಹಾಸಿಗೆ ಎಲ್ಲವನ್ನೂ ಬಿಸಿಲಿಗೆ ಹಾಕಿ ಉಳಿಸಿಕೊಂಡವರು ನಾವು, ಚರ್ಮವನ್ನೂ ಹಾಕೋಣ ಎನ್ನಿಸುವುದು ಸಹಜ. ಆದರೆ ಚರ್ಮದ ಬಣ್ಣ ಬಿಸಿಲಿಗೆ ಮಾಸುತ್ತದೆ. ಅದಕ್ಕಿಂತ ಹೆಚ್ಚಾಗಿ, ತೇವಗೊಂಡ ಚರ್ಮ ಬಿಸಿಗೆ ಸುರುಟುತ್ತದೆ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದ, ಹೊಸ ಚರ್ಮ ಕುದಿಯುವ ನೀರಿನ ಬಿಸಿಯ ಹತ್ತಿರದವರೆಗೂ ತಡೆಯುತ್ತದೆ. ತೊಗಟೆ ಹದದ್ದು ಚೆನ್ನಾಗಿದ್ದಾಗ 75–85 ಡಿಗ್ರಿವರೆಗೆ. ಜೀರ್ಣವಾದ ಹಳೆ ಚರ್ಮ ಒದ್ದೆಯಾಗಿದ್ದರೆ 40ರ ಆಸುಪಾಸಿಗೇ ಮುದುಡಿಬಿಡಬಹುದು. ಒಮ್ಮೆ ಮುದುಡಿದ ಮೇಲೆ ಅದನ್ನು ಬಿಡಿಸುವ ದಾರಿಯಿಲ್ಲ. ಅಜ್ಜನ ಚೀಲವನ್ನು ಬಿಸಿಲಿಗಾಗಲಿ, ಹೇರ್ ಡ್ರೈಯರಿಗಾಗಲಿ ಒಡ್ಡಲೇಬೇಡಿ.

ಜಾಕೆಟ್‌ಗೆ ಹೀಗೆ ಮಾಡಿ. ಕವರು ಕಿತ್ತೆಸೆಯಿರಿ. ಅಗಲ ಭುಜದ ಹ್ಯಾಂಗರಿಗೆ ಹಾಕಿ, ಫ್ಯಾನ್ ಇರುವ ಕೋಣೆಯಲ್ಲಿ ಎರಡು ಮೂರು ದಿನ ಆರಲು ಬಿಡಿ. ಬೂಸ್ಟು ಹಸಿಯಿದ್ದಾಗ ಉಜ್ಜಿದರೆ ಹರಡಿ ಒಳಗಿಳಿಯುತ್ತದೆ, ಒಣಗಿದ ಮೇಲೆ ಸುಲಭವಾಗಿ ಉದುರುತ್ತದೆ. ಮಾಸ್ಕ್ ಹಾಕಿಕೊಂಡು, ಮಳೆ ಬಿಟ್ಟ ಹೊತ್ತಿನಲ್ಲಿ ಜಗಲಿಗೆ ತಂದು, ಮೃದುವಾದ ಬ್ರಶ್‌ನಿಂದ ಒಂದೇ ದಿಕ್ಕಿಗೆ ಗುಡಿಸಿ. ಮನೆಯಲ್ಲಿ ಉಬ್ಬಸದವರಿದ್ದರೆ ಈ ಕೆಲಸ ಅವರು ಮಾಡಬಾರದು. ಆಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಆರಿಸಿ. ವಾಸನೆ ಉಳಿದರೆ ಸ್ಪಿರಿಟ್ ಮತ್ತು ನೀರನ್ನು ಸಮಸಮ ಬೆರೆಸಿ ಬಟ್ಟೆಗೆ ತಗುಲಿಸಿ ಹಗುರವಾಗಿ ಒರೆಸಬಹುದು. ಇದರಲ್ಲಿ ಅಪಾಯ ಉಂಟು: ಸ್ಪಿರಿಟ್ ಕೆಲವು ಬಣ್ಣಗಳನ್ನು ಕರಗಿಸುತ್ತದೆ. ಮೊದಲು ಒಳಗಿನ ಅಂಚಿನಲ್ಲಿ ಪ್ರಯೋಗಿಸಿ. ಬಟ್ಟೆಗೆ ಬಣ್ಣ ಬಂತೋ, ಅಲ್ಲಿಗೇ ನಿಲ್ಲಿಸಿ. ಕೊರೊನಾ ಕಾಲದಲ್ಲಿ ಸ್ಯಾನಿಟೈಸರ್ ಸುರಿದು ಕೆಡಿಸಿಕೊಂಡ ಬ್ಯಾಗುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ವಿನೆಗರ್ ಬೇಡ. ಅದು ಆಮ್ಲ, ಜಾಕೆಟ್‌ಗೆ ಅದರಿಂದ ವಿಶೇಷ ಲಾಭವಿಲ್ಲ, ಚೀಲಕ್ಕಂತೂ ವಿಷ.

ಅಸ್ತರಿಗೇ ಬೂಸ್ಟು ಇಳಿದಿದ್ದರೆ ಮನೆಯಲ್ಲಿ ಹೋಗುವುದಿಲ್ಲ, ಚರ್ಮ ಶುಚಿಗೊಳಿಸುವವರಿಗೇ ಕೊಡಬೇಕು. ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಚರ್ಮಕ್ಕೆ ಬೇರೆ ವಿಧಾನ ಇಟ್ಟುಕೊಂಡಿದ್ದೀರಾ, ಬಟ್ಟೆಯ ಜೊತೆಗೇ ಹಾಕುತ್ತೀರಾ? ಮಾಮೂಲಿ ಡ್ರೈಕ್ಲೀನಿಂಗ್ ದ್ರಾವಣ ಚರ್ಮದೊಳಗಿನ ಜಿಡ್ಡನ್ನೆಲ್ಲ ಎಳೆದು, ಹಿಂದಿರುಗಿ ಬರುವಾಗ ಜಾಕೆಟ್ ರಟ್ಟಾಗಿರುತ್ತದೆ.

ಈಗ ಅಜ್ಜನ ಚೀಲ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

1961ರ ಕಾಯ್ದೆಯಿಂದ ಶಾನುಭೋಗಿಕೆ ರದ್ದಾಯಿತು. ಅಜ್ಜ ಕೆಲಸದಲ್ಲಿದ್ದಾಗ ಬಳಸಿದ ಚೀಲವೆಂದರೆ ಅರವತ್ತು ವರ್ಷ ಖಂಡಿತ ದಾಟಿದೆ. ಆ ಕಾಲದ ಇಂಥ ಚೀಲಗಳು ಹೆಚ್ಚಾಗಿ ತೊಗಟೆ ಹದದವು. ದಕ್ಷಿಣದಲ್ಲಿ ತಂಗಡಿ ತೊಗಟೆ, ಅಳಲೆಕಾಯಿ. ಉತ್ತರಕ್ಕೆ ಹೋದಂತೆ ಜಾಲಿ ತೊಗಟೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಪಾಲಿರುವ, 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಚರ್ಮ ಇವತ್ತಿಗೂ ಇದೇ ರೀತಿ ಹದವಾಗುತ್ತದೆ. ಕ್ರೋಮ್ ಹದ ನಮ್ಮ ಕಡೆ ಕಾಲಿಟ್ಟದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಮದ್ರಾಸಿನಲ್ಲಿ ಅದರ ಪ್ರಯೋಗ ನಡೆಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರೂ ಆದರು. ಆದರೂ ಪೇಟೆಯ ಕುಶಲಕರ್ಮಿಗಳ ಕೈಯಲ್ಲಿ ಬಹಳ ಕಾಲ ನಡೆದದ್ದು ತೊಗಟೆ ಹದವೇ.

ತೊಗಟೆ ಹದದ ಚರ್ಮ ಗಾಳಿಯ ತೇವವನ್ನು ಹೆಚ್ಚು ಹೀರುತ್ತದೆ, ಬೂಸ್ಟು ಬೇಗ ಹಿಡಿಯುತ್ತದೆ. ಹಾಗಿದ್ದರೆ ಅಟ್ಟದ ಮೇಲೆ ಅಷ್ಟು ವರ್ಷ ಹೇಗೆ ಉಳಿಯಿತು? ಅಟ್ಟದ ಕೆಳಗೆ ಒಲೆ ಉರಿಯುತ್ತಿತ್ತು. ದಿನಕ್ಕೆ ಎರಡು ಹೊತ್ತು ಏರುವ ಹದವಾದ ಬಿಸಿಗಾಳಿ ಅಟ್ಟವನ್ನು ಮಳೆಗಾಲದಲ್ಲೂ ಒಣಗಿಸಿ ಇಡುತ್ತಿತ್ತು. ಕಟ್ಟಿಗೆಯ ಹೊಗೆಯಲ್ಲಿ ಬೂಸ್ಟನ್ನು ತಡೆಯುವ ರಾಸಾಯನಿಕಗಳೂ ಇವೆ. ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಬೂಸ್ಟು ಕಾಣತೊಡಗಿದ್ದು ನಿಮ್ಮ ಅಡುಗೆ ಪೂರ್ತಿ ಗ್ಯಾಸಿಗೆ ಬದಲಾದ ಮೇಲೆ ಅಲ್ಲವೇ? ಮಲೆನಾಡಿನಿಂದ ನನಗೆ ಬರುವ ಇಂಥ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಚರ್ಮ ಬದಲಾಗಿಲ್ಲ, ಮನೆಯ ಗಾಳಿ ಬದಲಾಗಿದೆ. ಹಾಗೆಂದು ಮತ್ತೆ ಒಲೆ ಹಚ್ಚಿ ಎನ್ನುತ್ತಿಲ್ಲ; ಅಡುಗೆ ಮಾಡುವವರ ಶ್ವಾಸಕೋಶ ಚೀಲಕ್ಕಿಂತ ದೊಡ್ಡದು.

ಕೆಂಪು ಪುಡಿ ಬೇರೆಯದೇ ಕಥೆ. ಅದು ಬೂಸ್ಟೂ ಅಲ್ಲ, ಒಣಗಿದ್ದರಿಂದ ಬಂದದ್ದೂ ಅಲ್ಲ. ತೊಗಟೆ ಹದದ ಚರ್ಮದಲ್ಲಿ ವರ್ಷಗಳು ಕಳೆದಂತೆ ಆಮ್ಲ ಸೇರಿಕೊಳ್ಳುತ್ತದೆ. ಕಲ್ಲಿದ್ದಲಿನಂಥ ಇಂಧನಗಳ ಹೊಗೆಯಲ್ಲಿನ ಗಂಧಕದ ಡೈಆಕ್ಸೈಡ್ ಇದಕ್ಕೆ ಮುಖ್ಯ ಕಾರಣ. ಹದ ಮಾಡುವಾಗ, ಬಣ್ಣ ಕಟ್ಟುವಾಗ ಉಳಿದ ಆಮ್ಲವೂ ಸೇರುತ್ತದೆ. ಅದು ಚರ್ಮದ ಕೊಲಾಜೆನ್ ಎಳೆಗಳನ್ನೇ ತುಂಡರಿಸುತ್ತದೆ. ಮೇಲ್ಪದರ ಪುಡಿಯಾಗಿ ಉದುರುತ್ತದೆ. ಲಂಡನ್ನಿನ ಗ್ರಂಥಾಲಯಗಳಲ್ಲಿ ಚರ್ಮದ ರಟ್ಟುಗಳು ಹೀಗೆ ಪುಡಿಯಾಗುತ್ತಿದ್ದುದನ್ನು ಕಂಡು ಅಲ್ಲಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ 1900ರ ಸುಮಾರಿಗೇ ಸಮಿತಿ ಮಾಡಿ ತನಿಖೆ ನಡೆಸಿತ್ತು. ಅಂದಿನಿಂದ ಇಂದಿನವರೆಗೆ, ತುಂಡಾದ ಎಳೆಯನ್ನು ಮತ್ತೆ ಜೋಡಿಸುವ ಮದ್ದು ಸಿಕ್ಕಿಲ್ಲ. ಗ್ರಂಥಾಲಯಗಳು ದಶಕಗಳ ಕಾಲ ರಟ್ಟಿಗೆ ಎಣ್ಣೆ ಹಚ್ಚಿ ನೋಡಿದವು. ಕಪ್ಪಾಗುವುದು, ಅಂಟಾಗುವುದು, ಒಳಗಿನ ಹಾಳೆಗೆ ಎಣ್ಣೆ ಇಳಿಯುವುದು ಕಂಡು ಈಗ ಬಹುತೇಕ ಕೈಬಿಟ್ಟಿವೆ.

ಪುಡಿಯಾಗುತ್ತಿರುವ ಜಾಗಕ್ಕೆ ನೀರು ಬಿದ್ದರೆ ಕಪ್ಪಾಗಿ ಗಡುಸಾಗುತ್ತದೆ. ಎಣ್ಣೆ ಬಿದ್ದರೆ ಪುಡಿಯೂ ಎಣ್ಣೆಯೂ ಸೇರಿ ಕೆಸರು. ಹಿತ್ತಾಳೆಯ ಗುಂಡಿ, ರಿವೆಟ್ ಇದ್ದರೆ ಅದರ ಸುತ್ತ ಮೇಣದಂಥ ಹಸಿರು ಕಿಲುಬು ಕಂಡಿರಬಹುದು. ಜಿಡ್ಡಿನಲ್ಲಿರುವ ಆಮ್ಲ ತಾಮ್ರದೊಡನೆ ಸೇರಿ ಆಗುವುದು ಅದು. ಎಣ್ಣೆ ಹಚ್ಚಿದಷ್ಟೂ ಹೆಚ್ಚು. ಬಿದಿರ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಕಬ್ಬಿಣದ ಬಕಲ್ ಇದ್ದು ಅದರ ಸುತ್ತ ಕಪ್ಪು ಕಲೆಯಿದ್ದರೆ, ಅದು ಕೊಳೆಯಲ್ಲ, ಉಜ್ಜಬೇಡಿ. ತೊಗಟೆಯ ಒಗರು, ಕಬ್ಬಿಣ, ತೇವ ಸೇರಿದರೆ ಮಸಿಯೇ ಆಗುತ್ತದೆ. ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಒಂದು ಲವಣ) ಹಾಕಿ ಮಸಿ ಮಾಡುತ್ತಿದ್ದುದು ಇದೇ ರಸಾಯನದಿಂದ. ಚೀಲದೊಳಗಿನ ಹಳೆಯ ಪತ್ರಗಳ ಅಕ್ಷರವೂ ಅದೇ ಬಗೆಯ ಮಸಿಯಿದ್ದರೆ ಆಶ್ಚರ್ಯವಿಲ್ಲ.

ಪತ್ರಗಳೆಂದ ಮೇಲೆ ಹೇಳಲೇಬೇಕು: ಅವನ್ನು ಇವತ್ತೇ ಹೊರತೆಗೆಯಿರಿ. ಆಮ್ಲ ತುಂಬಿದ ಚರ್ಮದ ಮಗ್ಗುಲಲ್ಲಿ ಕಾಗದವೂ ಕೆಡುತ್ತದೆ. ನನ್ನ ಲೆಕ್ಕದಲ್ಲಿ ಆ ಪತ್ರಗಳೇ ಚೀಲಕ್ಕಿಂತ ಬೆಲೆಯುಳ್ಳವು. ಮಡಿಕೆ ಬಿಡಿಸಲು ಬಲ ಹಾಕಬೇಡಿ, ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಫೋಟೊ ತೆಗೆದುಕೊಂಡು ಒಣ ಜಾಗದಲ್ಲಿ ಬೇರೆಯಾಗಿಡಿ.

ಚೀಲಕ್ಕೆ ನಿಮ್ಮ ಮುಂದೆ ಇರುವ ದಾರಿಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಏನೂ ಹಚ್ಚದೆ ಇರುವುದು. ಆರಿಸಿ, ಮೃದುವಾದ ಬ್ರಶ್‌ನಿಂದ ಬೂಸ್ಟು ಮಾತ್ರ ತೆಗೆದು, ಆಕಾರ ಕೆಡದಂತೆ ಒಳಗೆ ಬಿಳಿ ಹತ್ತಿ ಬಟ್ಟೆ ತುಂಬಿ, ಒಗೆದ ಹಳೆ ಪಂಚೆಯಲ್ಲಿ ಸುತ್ತಿಡಿ. ತುಂಬಲು ಸುದ್ದಿಪತ್ರಿಕೆ ಬಳಸಬೇಡಿ, ಆ ಕಾಗದದಲ್ಲೂ ಆಮ್ಲವಿದೆ. ಮುಟ್ಟಿದಾಗಲೆಲ್ಲ ಪುಡಿ ಉದುರುವುದು ನಿಲ್ಲಬೇಕು, ಬಂದವರಿಗೆ ತೋರಿಸುವಂತಿರಬೇಕು ಎಂದಾದರೆ ಸಂರಕ್ಷಣಾ ತಜ್ಞರು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬುದನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಸವರಿ ಪುಡಿಯನ್ನು ಹಿಡಿದು ನಿಲ್ಲಿಸುತ್ತಾರೆ. ಬಣ್ಣ ಸ್ವಲ್ಪ ಗಾಢವಾಗಬಹುದು, ಹಚ್ಚಿದ್ದನ್ನು ಪೂರ್ತಿ ಹಿಂದೆಗೆಯಲು ಆಗುವುದಿಲ್ಲ, ಚರ್ಮಕ್ಕೆ ಬಲವೂ ಬರುವುದಿಲ್ಲ. ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ. ಬೆಂಗಳೂರಿನಲ್ಲಿ ಪರಂಪರೆಯ ವಸ್ತು, ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಪತ್ರಗಳ ಬಗ್ಗೆಯೂ ಅಂಥಲ್ಲೇ ವಿಚಾರಿಸಿ.

ರಿಪೇರಿ ಮಾಡಿಸಿ ಮಗನಿಗೆ ಕೊಡುವ ಆಸೆ ಅರ್ಥವಾಗುತ್ತದೆ. ಆದರೆ ಎಳೆ ತುಂಡಾದ ಚರ್ಮಕ್ಕೆ ಹೊಸ ದಾರ ಹಾಕಿ ಎಳೆದರೆ ಹೊಲಿಗೆಯುದ್ದಕ್ಕೂ ಸೀಳುತ್ತದೆ. ಲ್ಯಾಪ್‌ಟಾಪ್ ಭಾರಕ್ಕೆ ಪಟ್ಟಿ ಒಂದು ದಿನವೂ ನಿಲ್ಲುವುದಿಲ್ಲ. ಪಟ್ಟಿ, ಅಂಚು, ತಳ ಎಲ್ಲ ಹೊಸದು ಹಾಕಿಸಿದರೆ ಉಳಿಯುವ ಅಜ್ಜನ ಪಾಲು ಎಷ್ಟು? ಅದರ ಬದಲು ಚೀಲದ ಅಳತೆ, ಹೊಲಿಗೆ, ಮುಚ್ಚಳದ ಆಕಾರ ಗುರುತು ಹಾಕಿಕೊಂಡು ತೊಗಟೆ ಹದದ ಹೊಸ ಚರ್ಮದಲ್ಲಿ ಅದರದೇ ಪ್ರತಿ ಮಾಡಿಸಿ. ಕೈಹೊಲಿಗೆ ಬಲ್ಲ ಕುಶಲಕರ್ಮಿಗಳು ಅಥಣಿ, ನಿಪ್ಪಾಣಿ ಕಡೆಯಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಮಗ ಅದನ್ನು ನಿರಾತಂಕವಾಗಿ ಬಳಸಬಹುದು, ಅಜ್ಜನದು ಮನೆಯಲ್ಲಿರುತ್ತದೆ.

ಹ್ಯಾಂಡ್‌ಬ್ಯಾಗ್ ವಿಷಯದಲ್ಲಿ ಬೇಸರದ ಉತ್ತರ. ಸಿಪ್ಪೆ ಎದ್ದ ಜಾಗದಲ್ಲಿ ಕೆಳಗೆ ಬಟ್ಟೆಯ ನೇಯ್ಗೆ ಕಂಡರೆ ಅದು ಚರ್ಮವೇ ಅಲ್ಲ, ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್. ಕೆಳಗೆ ಒತ್ತಿ ಅಂಟಿಸಿದ ಚರ್ಮದ ಚೂರುಪಾರು ಕಂಡರೆ, ಚರ್ಮದ ಪುಡಿಯನ್ನು ಗೋಂದು ಹಾಕಿ ಹಾಳೆ ಮಾಡಿದ್ದು. ಎರಡರಲ್ಲೂ ಸಿಪ್ಪೆಯಾಗಿ ಏಳುತ್ತಿರುವುದು ಆ ಪ್ಲಾಸ್ಟಿಕ್ ಲೇಪ. ಗಾಳಿಯ ತೇವವೇ ಅದರ ಅಣುಸರಪಳಿಯನ್ನು ಕಡಿಯುತ್ತದೆ, ಬಳಸದೆ ಬೀರುವಿನಲ್ಲಿಟ್ಟರೂ ಕೆಡುತ್ತದೆ. ಎಣ್ಣೆ, ಕ್ರೀಮು, ಪಾಲಿಶ್ ಯಾವುದೂ ಅದನ್ನು ತಡೆಯದು. ನಿಮ್ಮ ಆರೈಕೆಯ ಲೋಪ ಅಲ್ಲ. ತಮಾಷೆಯೆಂದರೆ, ನಾವು ಸಸಾರವಾಗಿ ರೆಕ್ಸಿನ್ ಎನ್ನುವ ಸ್ಕೂಟರ್ ಸೀಟಿನ ಪಿವಿಸಿ ಹಾಳೆ ಮಲೆನಾಡಿನ ಮಳೆಗೆ ಈ ದುಬಾರಿ ಬ್ಯಾಗಿಗಿಂತ ಚೆನ್ನಾಗಿ ಬಾಳುತ್ತದೆ. ಮುಂದಿನ ಬಾರಿ ಕೊಳ್ಳುವಾಗ ‘ನಿಜ ಚರ್ಮ’ ಎಂಬ ಮುದ್ರೆಯನ್ನು ನಂಬಬೇಡಿ. ಪಟ್ಟಿಯ ತುದಿಯಲ್ಲೋ ಜಿಪ್ಪಿನ ಒಳಮಗ್ಗುಲಲ್ಲೋ ಕತ್ತರಿಸಿದ ಅಂಚು ಸಿಗುತ್ತದೆ. ಅಲ್ಲಿ ಒತ್ತೊತ್ತಾದ ನಾರು ಕಾಣಬೇಕು. ಅಂಚನ್ನೆಲ್ಲ ಮಡಚಿ ಬಣ್ಣ ಬಳಿದು ಮುಚ್ಚಿದ್ದರೆ ಅಂಗಡಿಯವರನ್ನು ಕೇಳಿ. ನಿಜ ಚರ್ಮದ್ದೇ ಆದರೂ ಒಳಪದರದ ಸೀಳು ಚರ್ಮಕ್ಕೆ ದಪ್ಪ ಪ್ಲಾಸ್ಟಿಕ್ ಲೇಪ ಕೊಟ್ಟಿದ್ದರೆ ಅದೂ ಒಂದು ದಿನ ಸಿಪ್ಪೆ ಬಿಡುತ್ತದೆ.

ಇನ್ನು ಎಲ್ಲಿಡುವುದು ಎಂಬುದು. ನುಸಿಗುಳಿಗೆ ಹುಳಕ್ಕೆ, ಬೂಸ್ಟಿಗಲ್ಲ. ಅದರ ವಾಸನೆ ಚರ್ಮಕ್ಕೆ ಹಿಡಿದರೆ ವರ್ಷಗಟ್ಟಲೆ ಬಿಡದು. ಹಸಿ ಬೇವಿನ ಸೊಪ್ಪು ತೇವವನ್ನು ನೀವೇ ಒಳಗೆ ತಂದಿಟ್ಟಂತೆ. ತೇವ ಹೀರುವ ಹರಳು ಸಿಲಿಕಾ ಜೆಲ್ ಒಳ್ಳೆಯದು, ಆದರೆ ದಿನಕ್ಕೆ ಹತ್ತು ಸಲ ತೆಗೆಯುವ ಬೀರುವಿನಲ್ಲಿ ನಾಲ್ಕು ಪೊಟ್ಟಣ ಹಾಕಿದರೆ ಒಂದೆರಡು ದಿನದಲ್ಲೇ ತಣಿದು ಸುಮ್ಮನಾಗುತ್ತದೆ. ಅದು ಕೆಲಸ ಮಾಡುವುದು ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಏಪ್ರಿಲ್‌ನಲ್ಲಿ, ಮಳೆಗೆ ಮುಂಚೆ, ಚರ್ಮ ಚೆನ್ನಾಗಿ ಆರಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಅಂಥ ಡಬ್ಬಿಗೆ ಹಾಕಿ, ಅರ್ಧ ಕೆ.ಜಿ.ಯಷ್ಟು ಸಿಲಿಕಾ ಜೆಲ್ಲನ್ನು ಚರ್ಮಕ್ಕೆ ತಾಗದಂತೆ ಬಟ್ಟೆಯ ಚೀಲದಲ್ಲಿಡಿ. ಜೂನ್‌ನಲ್ಲಿ ಒದ್ದೆ ಚರ್ಮ ತುಂಬಿ ಮುಚ್ಚಿದರೆ ಜಾಕೆಟ್‌ನ ಕವರಿನ ಕಥೆಯೇ ಮತ್ತೆ. ಬಣ್ಣ ತಿರುಗುವ ಜೆಲ್ ಕೊಳ್ಳುವುದಾದರೆ ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಬಣ್ಣ ತಿರುಗಿದ ಮೇಲೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ.

ದಿನಬಳಕೆಯ ಚಪ್ಪಲಿ, ಬೆಲ್ಟು, ಜಾಕೆಟ್‌ಗಳನ್ನು ಡಬ್ಬಿಗೆ ಹಾಕಬೇಕಿಲ್ಲ. ಹೊರಗೋಡೆಗೆ ಆನಿಕೊಂಡ ಬೀರುವನ್ನು ಒಂದು ಗೇಣು ಮುಂದೆ ಸರಿಸಿ, ಒತ್ತೊತ್ತಾಗಿ ತುಂಬಬೇಡಿ. ಕ್ರೀಮು ಹಚ್ಚಲೇಬೇಕೆನಿಸಿದರೆ ವರ್ಷಕ್ಕೊಮ್ಮೆ, ಫೆಬ್ರುವರಿಯಲ್ಲಿ, ತೀರ ತೆಳುವಾಗಿ. ಕೆಲವೇ ನೂರು ರೂಪಾಯಿಗೆ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತದೆ. ಒಂದನ್ನು ಬೀರುವಿನೊಳಗೆ, ಒಂದನ್ನು ಡಬ್ಬಿಯಲ್ಲಿ ಇಡಿ. ಡಬ್ಬಿಯೊಳಗೆ 45ರಿಂದ 55 ಇರಲಿ. 40ಕ್ಕಿಂತ ಕೆಳಗಿಳಿದರೆ ಅಜ್ಜನ ಚೀಲಕ್ಕೆ ಅದೂ ಒಳ್ಳೆಯದಲ್ಲ, ಜೆಲ್ ಅರ್ಧ ತೆಗೆಯಿರಿ. ಬೀರುವಿನೊಳಗೆ 65 ದಾಟಿದ ದಿನಗಳಲ್ಲಿ ಸಂಜೆ ಒಂದು ಗಂಟೆ ಕಾಲ ಬಾಗಿಲು ತೆರೆದು ಎದುರಿಗೆ ಟೇಬಲ್ ಫ್ಯಾನ್ ಇಡಿ. ಹೊರಗಿನ ಗಾಳಿಯೂ ತೇವವೇ ಆಗಿದ್ದರೂ ಪರವಾಗಿಲ್ಲ, ಓಡಾಡುವ ಗಾಳಿಯಲ್ಲಿ ಬೂಸ್ಟು ಸುಲಭವಾಗಿ ನೆಲೆಯೂರುವುದಿಲ್ಲ.